ಅಪ್‌ಡೇಟ್: ಪುರಸಭೆಯಿಂದ ಕೊನೆಗೂ ಉತ್ತರ ಸಿಕ್ಕಿತು

ನಮ್ಮೂರಿನ ಓವರ್‌ಹೆಡ್ ಟ್ಯಾಂಕನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ ಎಂಬ ಪ್ರಶ್ನೆಗೆ ಪುರಸಭೆ ಬಾಯಿ ಬಿಡುತ್ತಿಲ್ಲ, ವರದಿಗಾರನಾಗಿ ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಆ ಕೆಲಸ ಆಯಿತು.

ಪತ್ರಿಕೆಯ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಪತ್ರ ಟಪಾಲು ವಿಭಾಗ ದಾಟಲಿಲ್ಲ. ವಾರ್ಡ್ ಸದಸ್ಯರ ಮೂಲಕ ಕೇಳಿಸಿದ್ದೂ ವ್ಯರ್ಥ. ಕೈಹಿಡಿದದ್ದು, ಮಾಹಿತಿ ಹಕ್ಕು ಕಾಯ್ದೆಯಡಿ ನಕಲು ಕೇಳುವ ಬದಲು ಕಡತವನ್ನೇ ನೋಡಲು ಕೇಳಿ ಎಂಬ ಸಲಹೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಕೊಟ್ಟೆ. 30 ದಿನಗಳ ಗಡುವಿದ್ದರೂ ಅಷ್ಟು ಕಾಯಬೇಕಾಗಲಿಲ್ಲ.

ನಿರ್ವಹಣೆಯ ರಿಜಿಸ್ಟರನ್ನು ಮೇಜಿನ ಮೇಲಿಟ್ಟರು. ಬ್ಲೀಚಿಂಗ್ ಪೌಡರ್ ಖರೀದಿಯ ಬಿಲ್ಲುಗಳೆಲ್ಲ ಅಚ್ಚುಕಟ್ಟಾಗಿದ್ದವು. ಟ್ಯಾಂಕ್ ತೊಳೆದ ದಿನಾಂಕದ ಅಂಕಣ ಮಾತ್ರ ಪುಟದ ಮೇಲೆ ಪುಟ ಖಾಲಿ. ಆ ನೀರನ್ನು ಕುಡಿಯುವ ಮಕ್ಕಳನ್ನು ನೆನೆದು ನಿಜಕ್ಕೂ ಸಿಟ್ಟು ಬಂತು. ವರದಿ ಅಚ್ಚಾದ ಮೇಲೆ ಮುಖ್ಯಾಧಿಕಾರಿಗಳೇ ಫೋನ್ ಮಾಡಿ ವಿವರಣೆ ಕೊಟ್ಟರು, ಟ್ಯಾಂಕನ್ನೂ ತೊಳೆಸಿದರು.

ಹೊಸದಾಗಿ ತಿಳಿದದ್ದು: ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ ನೀರು, ಕಸ, ಬೀದಿದೀಪ ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ. ಬೀದಿದೀಪದ ಬಗ್ಗೆ ನಾನು ಬೇರೆಯೇ ಅರ್ಜಿ ಹಾಕಿದ್ದೇನೆ.