ಅಮ್ಮಂಗೆ ಮೊಣಕೈ ಫ್ರ್ಯಾಕ್ಚರ್, ಪ್ಲಾಸ್ಟರೇ ಹಾಕಿಲ್ಲ, ಅನುಭವ ಇದ್ದೋರು ಹೇಳಿ

ಪ್ರಶ್ನೆ: ಹೊಸನಗರದ ಹತ್ರ ನಮ್ಮೂರು. ಅಮ್ಮ ಅಂಗಳದ ಪಾಚಿ ಮೇಲೆ ಜಾರಿ ಕೈ ಊರಿ ಬಿದ್ರು. ಎಕ್ಸ್‌ರೇ ನೋಡಿ ರೇಡಿಯಲ್ ಹೆಡ್ (ಮುಂಗೈನ ರೇಡಿಯಸ್ ಮೂಳೆಯ ಮೊಣಕೈ ಕಡೆ ತುದಿ) ಫ್ರ್ಯಾಕ್ಚರ್, ಮೂಳೆ ಜರುಗಿಲ್ಲ ಅಂದ್ರು, ಬರೀ ಸ್ಲಿಂಗ್ (ಕುತ್ತಿಗೆಯಿಂದ ಕೈ ನೇತುಹಾಕೋ ಪಟ್ಟಿ) ಹಾಕಿ ಕಳ್ಸಿದಾರೆ. ಅತ್ತೆ ನಾಟಿ ಕಟ್ಟು ಹಾಕ್ಸಿ ಅಂತ ಒಂದೇ ಹಠ. ಏನ್ಮಾಡೋದು?

ಉತ್ತರ: ನಮ್ಮನೆಯವರಿಗೂ ಹೋದ ಮಳೆಗಾಲ ಇದೇ ಆಗಿತ್ತು, ತೋಟದ ಸಂಕದ (ಕಾಲುಸೇತುವೆ) ಮೇಲೆ ಜಾರಿದ್ದು. ಅಂಗೈ ಊರಿ ಬಿದ್ರೆ ಪೆಟ್ಟು ಸೀದಾ ಮೇಲೆ ಹೋಗಿ ಮೊಣಕೈ ಹತ್ರ ರೇಡಿಯಸ್ ಮೂಳೆ ತುದಿಗೆ ಬಡಿಯತ್ತೆ, ದೊಡ್ಡೋರಿಗೆ ಮೊಣಕೈ ಮುರಿತ ಅಂದ್ರೆ ಜಾಸ್ತಿ ಇದೇನೇ. ಜರುಗಿಲ್ಲ ಅಂದ್ಮೇಲೆ ಪ್ಲಾಸ್ಟರ್ ಹಾಕದೇ ಇರೋದೇ ಸರಿ ಕಣ್ರೀ, ಮೊಣಕೈನ ವಾರಗಟ್ಲೆ ಕಟ್ಟಿಟ್ರೆ ತುಕ್ಕು ಹಿಡಿದ ಬೀಗದ ಥರ ಬಿಗಿದುಬಿಡತ್ತೆ. ನೋವು ಕಮ್ಮಿ ಆಗೋವರ್ಗೂ ಒಂದಷ್ಟು ದಿನ ಸ್ಲಿಂಗು, ಆಮೇಲೆ ಡಾಕ್ಟರ್ ಹೇಳ್ದಂಗೆ ಮಡಚೋದು, ನೀಡೋದು, ಅಂಗೈ ಮೇಲೆ ಕೆಳಗೆ ತಿರುಗ್ಸೋದು, ಎಲ್ಲಾ ಅಮ್ಮನೇ ಮಾಡ್ಬೇಕು. ನಮ್ಮನೆಯವರಿಗೆ ಕಾಡಿದ್ದು ಈ ತಿರುಗ್ಸೋದೇ, ತೀರ್ಥಕ್ಕೆ ಕೈ ಚಾಚಿದ್ರೆ ಅಂಗೈ ಅಡ್ಡಕ್ಕೇ ನಿಲ್ತಿತ್ತು, ಮೈಯೆಲ್ಲಾ ಓರೆ ಮಾಡಿ ಹಿಡೀತಿದ್ರು. ಈಗ ತಿರುಗತ್ತೆ, ಪೂರ್ತಿ ನೆಟ್ಟಗೆ ಮಾತ್ರ ಆಗಲ್ಲ, ಒಂಚೂರು ಉಳಿಯತ್ತೆ, ಕೆಲಸಕ್ಕೇನೂ ತೊಂದ್ರೆ ಇಲ್ಲ. ಅತ್ತೆ ಎಣ್ಣೆ ಹಚ್ಚಿ ತಿಕ್ತೀನಿ, ಎಳೆದು ನೆಟ್ಟಗೆ ಮಾಡ್ತೀನಿ ಅಂತ ಬಂದ್ರೆ ಬಿಡ್ಬೇಡಿ, ಕೀಲಿನ ಸುತ್ತ ಮಾಂಸದೊಳಗೇ ಮೂಳೆ ಬೆಳೆದು ಕೈ ಇನ್ನೂ ಬಿಗಿಯಬಹುದು.

ಇನ್ನೊಬ್ರು: ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡ್ತೀನಿ. ಮೇಲಿನೋರು ಹೇಳಿದ್ದು ಸರಿ, ಆದ್ರೆ ಎಲ್ಲಾ ಮೊಣಕೈ ಮುರಿತಕ್ಕೂ ಇದೇ ಲೆಕ್ಕ ಹಾಕ್ಬೇಡಿ. ಹಿಂದ್ಗಡೆ ಕೈಗೆ ಸಿಗೋ ಚೂಪು ಮೂಳೆ ಮುರಿದು ಬೇರೆ ಆದ್ರೆ ತೋಳಿನ ಸ್ನಾಯು ಅದನ್ನ ಮೇಲಕ್ಕೆ ಎಳ್ಕೊಳತ್ತೆ, ಹೆಚ್ಚಿನೋರಿಗೆ ತಂತಿನೋ ಪ್ಲೇಟೋ ಹಾಕಿ ಆಪರೇಷನ್ನೇ ಆಗ್ಬೇಕು. ಮಕ್ಕಳು, ಅದ್ರಲ್ಲೂ 5ರಿಂದ 7 ವರ್ಷದೋರು, ಪೇರಲೆ ಮರದಿಂದ ಬಿದ್ರೆ ಮುರಿಯೋದು ಸಾಮಾನ್ಯವಾಗಿ ಮೊಣಕೈಗಿಂತ ಸ್ವಲ್ಪ ಮೇಲೆ, ಅಲ್ಲೇ ರಕ್ತನಾಳ, ನರ ಎರಡೂ ಹಾದು ಹೋಗೋದು. ಅದ್ರ ಮೇಲೆ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದ್ರೆ ರಕ್ತ ಓಡದೆ ಕೈ ಶಾಶ್ವತವಾಗಿ ಮುರುಟಿ ಹೋಗಬಹುದು, ನನಗೆ ನಾಟಿ ಕಟ್ಟಿನ ಬಗ್ಗೆ ಸಿಟ್ಟು ಬರೋದು ಇಲ್ಲೇ. ಯಾರಿಗೇ ಆಗ್ಲಿ ಬೆರಳು ತಣ್ಣಗಾದ್ರೆ, ಬಣ್ಣ ತಿರುಗಿದ್ರೆ, ಜೋಮು ಹಿಡಿದ್ರೆ, ಬೆರಳು ನೀಡಿಸಿದ್ರೆ ಜೀವ ಹೋಗೋ ನೋವಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ರದ ದೊಡ್ಡಾಸ್ಪತ್ರೆಗೋ ರಾತ್ರಿನೇ ಹೊರಡಿ.

ಪ್ರಶ್ನೆ ಕೇಳಿದೋರು: ಬೆರಳೆಲ್ಲ ಚೆನ್ನಾಗಿ ಆಡ್ತಿದೆ, ಸದ್ಯ. ನೋವು ಕಮ್ಮಿ ಅಂತ ಅಮ್ಮ ಆಗ್ಲೇ ಕೊಡಪಾನಕ್ಕೆ ಕೈ ಹಾಕ್ತಿದಾರೆ!

ಫಿಸಿಯೋ: ಕೈ ಆಡಿಸ್ಲಿ, ಭಾರ ಎತ್ತೋದು ಡಾಕ್ಟರ್ ಹೇಳೋವರ್ಗೂ ಬೇಡ. ಮತ್ತೆ ಬನ್ನಿ ಅಂದಿರೋ ದಿನ ತಪ್ಪಿಸ್ಬೇಡಿ, ಮೂಳೆ ಜರುಗಿದ್ಯಾ ಅಂತ ಇನ್ನೊಂದು ಎಕ್ಸ್‌ರೇಲಿ ನೋಡೋದು ಆಗ್ಲೇ.