ಬಾತುಕೋಳಿ ಗೂಡಿನ ಕೆಸರು: ಮಳೆಗಾಲದಲ್ಲಿ ಏನು ಮಾಡಬಹುದು?

ಪ್ರಶ್ನೆ (ಕಾರ್ಕಳದಿಂದ)

ನಮಸ್ಕಾರ. ಮನೆಯ ಹಿತ್ತಲಲ್ಲಿ, ಬಾವಿಯಿಂದ ಇಪ್ಪತ್ತು ಅಡಿ ದೂರದಲ್ಲಿ, ಎಂಟು ಖಾಕಿ ಕ್ಯಾಂಪ್‌ಬೆಲ್ ಬಾತುಕೋಳಿಗಳನ್ನು ಸಾಕಿದ್ದೇನೆ. ನೂರು ಚದರ ಅಡಿಯ ತಗಡಿನ ಮಾಡು, ಅದರ ಮುಂದೆ ಬಲೆ ಕಟ್ಟಿದ ಅಂಗಳವಿದೆ. ಬೇಸಿಗೆಯಲ್ಲಿ ತೊಂದರೆಯಿರಲಿಲ್ಲ; ಜೂನ್ ಎರಡನೆಯ ವಾರದಿಂದ ಅಂಗಳವು ಉತ್ತ ಗದ್ದೆಯಂತಾಗಿದೆ. ಕೆಂಪು ಮಣ್ಣು ತುಂಬಿಸಿ, ಮೇಲೆ ಉಮಿ ಹರಡಿದೆ. ಒಂದೇ ವಾರದಲ್ಲಿ ಎಲ್ಲವೂ ಕಲಸಿಹೋಗಿ ನಾರತೊಡಗಿತು. ಮೊಟ್ಟೆಗಳು ಕೆಸರು ಮೆತ್ತಿಕೊಂಡೇ ಸಿಗುತ್ತಿವೆ, ಒಂದು ಬಾತು ಕುಂಟುತ್ತಿದೆ. ಕುಡಿಯುವ ನೀರನ್ನು ಕಡಿಮೆ ಮಾಡಿದರೆ ಸರಿಹೋದೀತೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ತೀರ್ಥಹಳ್ಳಿಯಿಂದ)

ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಬಾತುಕೋಳಿಗೆ ಈಜಲು ಕೊಳವಿಲ್ಲದಿದ್ದರೂ ನಡೆದೀತು. ಆದರೆ ಕೊಕ್ಕು ಮತ್ತು ಮೂಗಿನ ಹೊಳ್ಳೆಗಳು ಪೂರ್ತಿ ಮುಳುಗುವಷ್ಟು ಆಳದ ನೀರು ಇಲ್ಲದಿದ್ದರೆ ಅದಕ್ಕೆ ಕಣ್ಣು, ಮೂಗು ತೊಳೆದುಕೊಳ್ಳಲಾಗುವುದಿಲ್ಲ, ಒಣ ಆಹಾರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತಿನ್ನುವುದು, ಓಡಿಹೋಗಿ ನೀರು ಕುಡಿಯುವುದು, ಬಾಯಲ್ಲಿ ಉಳಿದದ್ದನ್ನು ನೆಲಕ್ಕೆ ಚೆಲ್ಲಿ ಅಲ್ಲೇ ಕೊಕ್ಕಿನಿಂದ ಕೆದಕುವುದು ಅದರ ಜಾತಿಗುಣ. ಆದ್ದರಿಂದ ಚೆಲ್ಲುವ ನೀರು ಎಲ್ಲಿ ಬೀಳಬೇಕೆಂಬುದನ್ನು ನಾವು ನಿಶ್ಚಯಿಸಬೇಕೇ ಹೊರತು ಚೆಲ್ಲಬಾರದೆಂದು ಅದಕ್ಕೆ ಕಲಿಸಲಾಗದು.

ನಾನು ಅಂಗಳದ ತಗ್ಗಿನ ಮೂಲೆಯಲ್ಲಿ ನಾಲ್ಕಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ, ಜಲ್ಲಿ ತುಂಬಿ, ಅದರ ಮೇಲೆ ಅಡಿಕೆ ದಬ್ಬೆಗಳನ್ನು ಬೆರಳಗಲದ ಸಂದು ಬಿಟ್ಟು ಜೋಡಿಸಿ, ನೀರಿನ ಬಾನಿಯನ್ನು ಆ ಅಟ್ಟಣೆಯ ನಡುವೆ ಇಟ್ಟಿದ್ದೇನೆ. ಗುಂಡಿಯ ತಳದಿಂದ ಒಂದು ಪೈಪು ಇಳಿಜಾರಿನ ಬಾಳೆಯ ಬುಡಕ್ಕೆ ಹೋಗುತ್ತದೆ. ಬಾಳೆ ಸೊಂಪಾಗಿ ಬಂದಿದೆ ಎಂದು ಬೇರೆ ಹೇಳಬೇಕಿಲ್ಲ. ರಾತ್ರಿ ಗೂಡಿನೊಳಗೆ ನೀರನ್ನೂ ಆಹಾರವನ್ನೂ ಇಡುವುದಿಲ್ಲ. ಬೆಳೆದ ಬಾತುಗಳಿಗೆ ಇದರಿಂದ ತೊಂದರೆಯಿಲ್ಲ, ನಸುಕಿನಲ್ಲಿ ಇಡುವ ಮೊಟ್ಟೆಗಳೂ ಒಣಗಿಯೇ ಇರುತ್ತವೆ.

ಉತ್ತರ (ಶಿರಸಿಯಿಂದ)

ಮೇಲಿನವರ ಮಾತು ಸರಿ, ಆದರೆ ಅದು ಅರ್ಧ ಮಾತ್ರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ತಮ್ಮ ನೂರು ಚದರ ಅಡಿಯ ಮಾಡು ಸುಮಾರು 9.3 ಚದರ ಮೀಟರ್. ಕರಾವಳಿಯಲ್ಲಿ 100 ಮಿಲಿಮೀಟರ್ ಸುರಿದ ದಿನ 900 ಲೀಟರಿಗೂ ಮೀರಿದ ನೀರು ಆ ಸೂರಿನಿಂದ ನೇರವಾಗಿ ಅಂಗಳಕ್ಕೆ ಇಳಿಯುತ್ತದೆ. ಎಂಟು ಬಾತುಗಳು ಚೆಲ್ಲುವುದು ಇದರ ಮುಂದೆ ಏನೂ ಅಲ್ಲ. ಮೊದಲು ಸೂರಿಗೆ ದೋಣಿ ಕಟ್ಟಿ ನೀರನ್ನು ಹೊರಗೆ ಸಾಗಿಸಿ, ಅಂಗಳದ ಮೇಲ್ಬದಿಯಲ್ಲಿ ಒಂದು ಬಸಿಗಾಲುವೆ ತೆಗೆಯಿರಿ. ಹಸಿ ನೆಲಕ್ಕೆ ಮಣ್ಣು ಹಾಕಿದರೆ ಕೆಸರು ಹೆಚ್ಚುತ್ತದೆ. ಉಮಿ, ತರಗೆಲೆಗಳೆಲ್ಲ ಮಾಡಿನ ಕೆಳಗಿನ ಒಣ ನೆಲಕ್ಕಷ್ಟೇ ಯೋಗ್ಯ. ಜಲ್ಲಿಯನ್ನು ಬಾತುಗಳು ನಡೆಯುವ ಜಾಗದಲ್ಲಿ ತೆರೆದಿಡಬೇಡಿ, ಅದರ ಚೂಪಾದ ಅಂಚುಗಳು ಮೆತ್ತನೆಯ ಪಾದವನ್ನು ಕೊಯ್ಯುತ್ತವೆ.

ಉತ್ತರ (ಪುತ್ತೂರಿನಿಂದ)

ಕುಂಟುವ ಬಾತಿನ ಪಾದದ ಅಡಿಯನ್ನು ತೊಳೆದು ನೋಡಿ. ಊತದ ನಡುವೆ ಕಪ್ಪು ಹಕ್ಕಳೆ ಕಂಡರೆ ಗಾಯದೊಳಗೆ ಸೋಂಕು ಸೇರಿದೆ ಎಂದರ್ಥ. ಅದನ್ನು ಒಣ ನೆಲದಲ್ಲಿ ಬೇರೆಯಾಗಿಟ್ಟು ಪಶುವೈದ್ಯರಿಗೆ ತೋರಿಸಿ, ಮನೆಯಲ್ಲಿ ಕೊಯ್ಯುವ ಸಾಹಸ ಬೇಡ. ಕೆಸರಿಗೆ ಬಿದ್ದ ಆಹಾರವನ್ನು ದಿನವೂ ತೆಗೆಯಿರಿ, ಏಕೆಂದರೆ ಬೂಷ್ಟು ಹಿಡಿದ ಹಿಂಡಿ, ಜೋಳಗಳಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತುಮರಿಗಳು ಕೋಳಿಮರಿಗಳಿಗಿಂತ ಬೇಗ ಬಲಿಯಾಗುತ್ತವೆ.

ನನಗೆ ಹೆಚ್ಚು ಚಿಂತೆಯಾದದ್ದು ಬಾವಿಯ ವಿಷಯ. ನಮ್ಮ ಕಡೆಯ ಮುರಕಲ್ಲು ತೂತುತೂತಾದದ್ದು, ಅಂಗಳದ ಹಿಕ್ಕೆನೀರು ಸೋಸದೆಯೇ ಬಾವಿಗೆ ಇಳಿಯಬಹುದು. ಆದ್ದರಿಂದ ಜಲ್ಲಿಗುಂಡಿಯನ್ನು ಈಗಿರುವ ಜಾಗದಲ್ಲಿ ತೋಡಬೇಡಿ; ಸಾಧ್ಯವಾದರೆ ಗೂಡನ್ನೇ ಬಾವಿಗಿಂತ ತಗ್ಗಿಗೆ, ದೂರಕ್ಕೆ ಸಾಗಿಸಿ, ಅಲ್ಲಿಯವರೆಗೆ ನೀರನ್ನು ಕುದಿಸಿಯೇ ಕುಡಿಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಪಾದದಲ್ಲಿ ಕಪ್ಪು ಹಕ್ಕಳೆ ಇದೆ, ನಾಳೆ ವೈದ್ಯರಲ್ಲಿಗೆ ಒಯ್ಯುತ್ತೇನೆ. ಬಾವಿಯ ವಿಚಾರ ನನಗೆ ಹೊಳೆದಿರಲೇ ಇಲ್ಲ. ತೋಟದ ಕೆಳಗಿನ ಅಂಚಿನಲ್ಲಿ, ಬಾವಿಯಿಂದ ನೂರಡಿಗೂ ಆಚೆ, ಹಳೆಯ ಗೊಬ್ಬರದ ಕೊಟ್ಟಿಗೆ ಖಾಲಿ ಬಿದ್ದಿದೆ. ಅದಕ್ಕೆ ದೋಣಿ ಕಟ್ಟಿಸಿದ ಮೇಲೆ ಬಾತುಗಳನ್ನು ಅಲ್ಲಿಗೆ ಒಯ್ಯುತ್ತೇನೆ.