ತಲೆಕೆಳಗೆ ಹಾರುವ ಸೀನ

ಗಾಂಧಿಬಜಾರಿನಲ್ಲಿ ಬೈ-ಟು ಕಾಫಿ ಹಿಡಿದು ನಿಂತಿದ್ದೆವು. ಮೂರು ಜನಕ್ಕೆ ಬೈ-ಟು ಹೇಗೆ ಅಂತ ಕೇಳಬೇಡಿ. ನಾಣಿ ಯಾವಾಗಲೂ ನಮ್ಮ ಲೋಟದಿಂದಲೇ ಕುಡಿಯುವುದು.

ಸೀನ ಮೊಬೈಲ್ ಮುಂದಿಟ್ಟ. "ರಿಮೋಟ್ ಹೆಲಿಕಾಪ್ಟರ್ ತಗೊಳ್ಳುತ್ತಿದ್ದೇನೆ. ಇದು ತಲೆಕೆಳಗಾಗಿಯೂ ಹಾರುತ್ತದೆ!"

"ಇದಕ್ಕೆ ಮುಂಚೆ ಏನು ಹಾರಿಸಿದ್ದೀಯ?"

"ಗಾಳಿಪಟ."

"ಅದೂ ಕರೆಂಟ್ ತಂತಿಗೆ ಹೋಯ್ತು," ಅಂದ ನಾಣಿ.

ಈ ವಿಷಯದಲ್ಲಿ ನನಗೆ ಮಾತಾಡುವ ಹಕ್ಕಿದೆ. ಹೋದ ವರ್ಷ ಇಂಥದ್ದೇ ಒಂದನ್ನು ತಂದು, ಮೊದಲ ದಿನವೇ ಪಕ್ಕದ ಮನೆಯ ತೆಂಗಿನ ಮರಕ್ಕೆ ಒಪ್ಪಿಸಿದವನು ನಾನು. ಕಾಯಿ ಕೀಳುವವರು ಬರುವವರೆಗೆ ಮೂರು ವಾರ ಅದು ಅಲ್ಲೇ ಸಂಸಾರ ಮಾಡಿತು.

"ಮೊದಲು ಕೊಆಕ್ಸಿಯಲ್ ತಗೋ. ಒಂದರ ಮೇಲೊಂದು ಎರಡು ಫ್ಯಾನು. ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ."

"ಎರಡು ಯಾಕೆ?"

"ನಿಮ್ಮ ಮನೆಯ ಫ್ಯಾನನ್ನು ಸೀಲಿಂಗು ಹಿಡಿದುಕೊಂಡಿದೆ ಅಲ್ವಾ? ಬಿಟ್ಟರೆ ರೆಕ್ಕೆ ಒಂದು ಕಡೆ, ಮೋಟಾರು ಇನ್ನೊಂದು ಕಡೆ ಗಿರಗಿರ. ಆಕಾಶದಲ್ಲಿ ಸೀಲಿಂಗ್ ಎಲ್ಲಿಂದ ತರುತ್ತೀಯ? ಎರಡಿದ್ದರೆ ಒಂದರ ತಿರುಚನ್ನು ಇನ್ನೊಂದು ಕಳೆಯುತ್ತದೆ. ನೀನು ತೋರಿಸಿದ್ದು ಕಲೆಕ್ಟಿವ್ ಪಿಚ್. ಹಾರುವಾಗಲೇ ರೆಕ್ಕೆಯ ಓರೆ ಬದಲಾಗುತ್ತದೆ. ಬೆರಳು ಸ್ವಲ್ಪ ಜಾಸ್ತಿ ಸರಿದರೆ..."

"ತೆಂಗಿನ ಮರ," ಅಂದ ನಾಣಿ.

ಸೀನನಿಗೆ ರೋಷ ಬಂತು. "ಎಚ್‌ಎಎಲ್‌ನವರ ಧ್ರುವ ಹೆಲಿಕಾಪ್ಟರ್ 1992ರಲ್ಲಿ ಮೊದಲು ಹಾರಿದ್ದೇ ನಮ್ಮ ಬೆಂಗಳೂರಲ್ಲಿ. ನಾನೇನು ಕಡಿಮೆ?"

"ಅದರೊಳಗೆ ಪೈಲಟ್ ಕೂತಿರುತ್ತಾರೆ ಮಾರಾಯ. ಮೂತಿ ಯಾವ ಕಡೆ ತಿರುಗಿದರೂ ಅವರ ಎಡ ಎಡವೇ. ನೀನು ನೆಲದ ಮೇಲಿರುತ್ತೀಯ. ಅದು ನಿನ್ನ ಕಡೆ ಮುಖ ಮಾಡಿತೋ, ಎಡ ಬಲ ಉಲ್ಟಾ! ಶುರುವಿಗೆ ಬಾಲ ನಿನ್ನ ಕಡೆಗೇ ಇರಲಿ."

"ಚಾನೆಲ್ ಮೂರು ಸಾಕೋ, ನಾಲ್ಕು ಬೇಕೋ?"

"ಒಂದೊಂದು ಚಾನೆಲ್ಲಿಗೆ ಒಂದೊಂದು ಚಲನೆ. ಮೂರಿದ್ದರೆ ಮೇಲೆ-ಕೆಳಗೆ, ಹಿಂದೆ-ಮುಂದೆ, ತಿರುಗುವುದು. ನಾಲ್ಕನೆಯದಿದ್ದರೆ ಪಕ್ಕಕ್ಕೂ ಸರಿಯುತ್ತದೆ. ನಿನಗೆ ಮೂರೇ ಜಾಸ್ತಿ."

"ನ್ಯಾಷನಲ್ ಕಾಲೇಜ್ ಮೈದಾನದಲ್ಲಿ ಹಾರಿಸಲಾ?"

"ಅಂಗೈಯಗಲದ್ದು ಅದು. ಆಷಾಢದ ಗಾಳಿಗೆ ಜಯನಗರ ಸೇರುತ್ತದೆ. ಅಗ್ಗದವು ಬಹಳಷ್ಟು ಟಿವಿ ರಿಮೋಟಿನ ಥರ ಇನ್‌ಫ್ರಾರೆಡ್ ಮೇಲೆ ನಡೆಯುವುದು. ಬಿಸಿಲಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಸುಮ್ನೆ ಹಾಲ್‌ನಲ್ಲಿ ಹಾರಿಸು, ಫ್ಯಾನ್ ಆರಿಸಿಕೊಂಡು. ಎಲ್ಲಾದರೂ ತಾಗಿದರೆ ಮೊದಲು ಥ್ರಾಟಲ್, ಅಂದರೆ ಫ್ಯಾನಿನ ವೇಗದ ಕಡ್ಡಿ, ಸೊನ್ನೆಗೆ ಇಳಿಸು. ಮತ್ತೆ, ಸ್ಪೇರ್ ರೆಕ್ಕೆ ಸಿಗುತ್ತದಾ ಕೇಳಿಯೇ ತಗೋ. ಮುರಿದೇ ಮುರಿಯುತ್ತೀಯ."

"ಬ್ಯಾಟರಿ?"

"ಏಳೆಂಟು ನಿಮಿಷ ಹಾರಾಟ. ಆಮೇಲೆ ಮುಕ್ಕಾಲು ಗಂಟೆ ಚಾರ್ಜು."

"ಥೇಟ್ ನಾಣಿ," ಅಂದ ಸೀನ.

ಕೊನೆಗೂ ಒಪ್ಪಿದ. ಹೊರಗೆ ಬಂದು ಸ್ಕೂಟರ್ ಹಿಂದಕ್ಕೆ ತೆಗೆಯತೊಡಗಿದ. ಎದುರಿಗೆ ನಿಂತ ನಾಣಿ ಕೈಯಾಡಿಸಿದ, "ಬಲಕ್ಕೆ, ಬಲಕ್ಕೆ!"

"ನಿನ್ನ ಬಲವೋ, ನನ್ನ ಬಲವೋ?"

ಇದು ತೀರ್ಮಾನವಾಗುವಷ್ಟರಲ್ಲಿ ಸ್ಕೂಟರಿನ ಹಿಂದಿನ ಚಕ್ರ ಹೂವಿನವಳ ಬುಟ್ಟಿಯೊಳಗಿತ್ತು. ನಾಲ್ಕು ಮೊಳ ಮಲ್ಲಿಗೆಯ ದುಡ್ಡು ನಾನು ಕೊಟ್ಟೆ.